ಹಾಲು ಬಿಡಿಸಿದ ಹಂದಿ ಮರಿಗಳ ಫೀಡಿಗೆ ಹುಳದ ಪುಡಿ: ಯಾವುದು, ಎಷ್ಟು, ಹೇಗೆ, ಎಲ್ಲಿ ಎಡವ್ತಾರೆ

"ಹುಳದ ಪುಡಿ ಹಾಕಿದ್ರೆ ಮರಿಗಳ ಭೇದಿ ನಿಲ್ಲತ್ತಾ?" ಹಂದಿ ಸಾಕೋರು ಇದೊಂದೇ ಪ್ರಶ್ನೆನ ಎಷ್ಟು ಸಲ ಕೇಳಿದಾರೆ ಅಂದ್ರೆ, ಒಬ್ಬೊಬ್ರಿಗೆ ಅರ್ಧಂಬರ್ಧ ಉತ್ರ ಕೊಡೋ ಬದ್ಲು ಒಂದೇ ಕಡೆ ಪೂರ್ತಿ ಬರೆದಿಡೋದೇ ಒಳ್ಳೇದು ಅನ್ನಿಸ್ತು. ನೇರ ಉತ್ರ ಮೊದಲೇ ಹೇಳ್ಬಿಡ್ತೀನಿ. ಹುಳದ ಪುಡಿ ಅಂದ್ರೆ ಫೀಡಿಗೆ ಅಂತ ಬೆಳೆಸಿದ ನೊಣದ ಮರಿಹುಳ ಥರದ ಹುಳಗಳನ್ನ ಒಣಗಿಸಿ ಬೀಸಿದ್ದು, ಅದು ಔಷಧಿ ಅಲ್ಲ. ಸೋಯಾ ಹಿಂಡಿ ಥರ, ಮೀನಿನ ಪುಡಿ ಥರ ಅದೂ ಒಂದು ಮೇವಿನ ಪದಾರ್ಥ. ಅದನ್ನ ಯಾವುದರ ಜಾಗಕ್ಕೆ ಹಾಕಿದ್ರಿ, ಜೊತೆಗೆ ಎಷ್ಟು ಕ್ಯಾಲ್ಸಿಯಂ ಒಳಗೆ ಬಂತು, ಕೊಬ್ಬು ಇರೋದಾ ತೆಗೆದಿದ್ದಾ, ಈ ಮೂರು ವಿಷಯ ಸರಿ ಹೋದ್ರೆ ಕರುಳಿಗೆ ನಿಜವಾಗ್ಲೂ ಆಸರೆ ಆಗತ್ತೆ, ತಪ್ಪಿದ್ರೆ ಅದೇ ಪುಡಿ ಹಾಕಿನೂ ಭೇದಿ ಜಾಸ್ತಿ ಆಗೋ ಸಾಧ್ಯತೆ ಇದೆ. ಬಹಳ ಜನಕ್ಕೆ ಈ ಎರಡನೇ ಮಾತು ಯಾರೂ ಹೇಳಿರಲ್ಲ.

ಹಾಲು ಬಿಡಿಸಿದಾಗ ಒಳಗೆ ಏನಾಗತ್ತೆ

ಇದು ಗೊತ್ತಿಲ್ದೆ ಮುಂದಿನ ಲೆಕ್ಕ ಯಾವುದೂ ಅರ್ಥ ಆಗಲ್ಲ, ಅದಕ್ಕೆ ಸ್ವಲ್ಪ ತಾಳ್ಮೆಯಿಂದ ಓದಿ.

ಸಾಮಾನ್ಯವಾಗಿ ಮರಿಗಳನ್ನ 21ರಿಂದ 28 ದಿನದ ಒಳಗೆ ತಾಯಿಯಿಂದ ಬೇರೆ ಮಾಡ್ತಾರೆ. ಅವತ್ತಿನವರೆಗೂ ಬೆಚ್ಚಗಿನ ಹಾಲು, ಗಂಟೆಗೊಂದು ಸಲ, ತಾಯಿ ಪಕ್ಕದಲ್ಲೇ ಮಲಗಿ. ಮಾರನೇ ದಿನ ತಾಯಿ ಇಲ್ಲ, ಕೊಟ್ಟಿಗೆ ಬೇರೆ, ಪಕ್ಕದಲ್ಲಿ ಗುರುತಿಲ್ದಿರೋ ಮರಿಗಳು, ತಿನ್ನೋಕೆ ಒಣ ಪುಡಿ. ಕೆಲವು ಮರಿಗಳು ಒಂದು ದಿನ, ಎರಡು ದಿನ ಏನೂ ಮುಟ್ಟಲ್ಲ. ಈ ಉಪವಾಸದಲ್ಲೇ ಕರುಳಿಗೆ ಪೆಟ್ಟು ಬೀಳೋದು. ಕರುಳಿನ ಒಳಗೋಡೆ ಮೇಲೆ ಟವೆಲ್ ಮೇಲಿರೋ ನೂಲಿನ ಹಾಗೆ ಸಣ್ಣ ಸಣ್ಣ ಚಾಚುಗಳು ಇರತ್ತೆ, ಅದಕ್ಕೆ ವಿಲ್ಲೈ ಅಂತಾರೆ, ಮೇವಿನ ಸಾರ ರಕ್ತಕ್ಕೆ ಸೇರೋದು ಇವುಗಳ ಮೂಲಕ. ಹಾಲು ಬಿಡಿಸಿದ ಮೊದಲ ಕೆಲವೇ ದಿನಗಳಲ್ಲಿ ಈ ವಿಲ್ಲೈ ಮೊಂಡಾಗಿ ಗಿಡ್ಡ ಆಗತ್ತೆ, ಆಮೇಲೆ ತಿಂದ ಪ್ರೋಟೀನ್ ಪೂರ್ತಿ ಜೀರ್ಣ ಆಗದೆ ಹಿಂದಿನ ಕರುಳಿಗೆ ಹೋಗಿ ಅಲ್ಲಿ ಕೊಳೆಯತ್ತೆ, ಕೆಟ್ಟ ಬ್ಯಾಕ್ಟೀರಿಯಾಗೆ ಅದೇ ಹಬ್ಬ.

ಇನ್ನೊಂದು ಕಡೆ ಜಠರದ ಆಸಿಡ್. ಹಾಲು ಕುಡಿಯೋವಾಗ ಹಾಲಿನ ಸಕ್ಕರೆ, ಅಂದ್ರೆ ಲ್ಯಾಕ್ಟೋಸ್, ಒಳ್ಳೆ ಬ್ಯಾಕ್ಟೀರಿಯಾ ಕೈಲಿ ಲ್ಯಾಕ್ಟಿಕ್ ಆಸಿಡ್ ಆಗಿ ಹೊಟ್ಟೆನ ಹುಳಿಯಾಗಿ ಇಟ್ಟಿರತ್ತೆ. ಹಾಲು ನಿಂತಾಗ ಆ ಹುಳಿ ಹೋಗತ್ತೆ, ಮರಿ ಜಠರಕ್ಕೆ ಸ್ವಂತವಾಗಿ ಸಾಕಷ್ಟು ಆಸಿಡ್ ಸುರಿಸೋ ಶಕ್ತಿ ಇನ್ನೂ ಬಂದಿರಲ್ಲ. ಹುಳಿ ಇಲ್ದಿದ್ರೆ ಪ್ರೋಟೀನ್ ಒಡೆಯೋ ಪೆಪ್ಸಿನ್ ಅನ್ನೋ ಕಿಣ್ವ ಸರಿಯಾಗಿ ಕೆಲಸ ಮಾಡಲ್ಲ, ಮೇವಿನ ಜೊತೆ ಬಂದ ಕ್ರಿಮಿಗಳೂ ಸಾಯದೆ ಕೆಳಗೆ ದಾಟತ್ವೆ. ಹಾಲು ಬಿಡಿಸಿದ ಮೊದಲ ಎರಡು ವಾರದಲ್ಲಿ ಬರೋ ಭೇದಿಗೆ ಹೆಚ್ಚಿನ ಸಲ ಕಾರಣ ಈ-ಕೋಲಿ ಅನ್ನೋ ಬ್ಯಾಕ್ಟೀರಿಯಾದ ಕೆಲವು ವಿಷಕಾರಿ ತಳಿಗಳು.

ಮೊದಲು ಇದಕ್ಕೆಲ್ಲ ಫೀಡಲ್ಲೇ ಆಂಟಿಬಯೋಟಿಕ್, ಇಲ್ಲಾಂದ್ರೆ ಜಿಂಕ್ ಆಕ್ಸೈಡ್ ಜಾಸ್ತಿ ಪ್ರಮಾಣದಲ್ಲಿ ಹಾಕ್ತಿದ್ರು. ಯುರೋಪಿಯನ್ ಒಕ್ಕೂಟ ಬೆಳವಣಿಗೆಗೋಸ್ಕರ ಆಂಟಿಬಯೋಟಿಕ್ ಹಾಕೋದನ್ನ 2006ರಲ್ಲಿ, ಔಷಧಿ ಪ್ರಮಾಣದ ಜಿಂಕ್ ಆಕ್ಸೈಡನ್ನ 2022ರ ಜೂನ್‌ನಲ್ಲಿ ನಿಲ್ಲಿಸ್ತು. ಹುಳದ ಪ್ರೋಟೀನ್ ಬಗ್ಗೆ ಇಷ್ಟೊಂದು ಮಾತು ಶುರುವಾಗಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ.

ಹುಳದಲ್ಲಿ ಅಂಥದ್ದೇನಿದೆ

ಮೂರು ವಸ್ತು ನೆನಪಿಟ್ಕೊಳ್ಳಿ.

ಒಂದು ಲಾರಿಕ್ ಆಸಿಡ್. ತೆಂಗಿನೆಣ್ಣೆಯಲ್ಲಿ ಇರೋ ಅದೇ ಕೊಬ್ಬಿನಾಮ್ಲ. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳದ ಕೊಬ್ಬಲ್ಲಿ ಇದೇ ಹೆಚ್ಚು, ಸಾಮಾನ್ಯವಾಗಿ ಕೊಬ್ಬಿನ ಶೇ. 30ರಿಂದ 50. ಕೆಲವು ಜಾತಿ ಬ್ಯಾಕ್ಟೀರಿಯಾನ ಇದು ತಡೆಯತ್ತೆ, ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಥರದವನ್ನ. ಆದ್ರೆ ಈ-ಕೋಲಿ ಆ ಗುಂಪಿಗೆ ಸೇರಲ್ಲ, ಅದರ ಮೇಲೆ ಲಾರಿಕ್ ಆಸಿಡ್ ಪ್ರಭಾವ ಕಡಿಮೆ. ಇದನ್ನ ಒತ್ತಿ ಹೇಳ್ತಿದೀನಿ ಯಾಕಂದ್ರೆ "ಹುಳದ ಕೊಬ್ಬು ಎಲ್ಲಾ ಕ್ರಿಮಿನೂ ಕೊಲ್ಲತ್ತೆ" ಅಂತ ಮಾರೋರು ಇದಾರೆ. ಲ್ಯಾಬಿನ ಗಾಜಿನ ಪಾತ್ರೆಯಲ್ಲಿ ಕಾಣಿಸೋ ಪರಿಣಾಮ ಜೀವಂತ ಮರಿ ಕರುಳಲ್ಲಿ ಅಷ್ಟೇ ಜೋರಾಗಿ ಕಾಣಿಸಲ್ಲ.

ಎರಡನೇದು ಕೈಟಿನ್. ಹುಳದ ಮೈ ಮೇಲಿನ ಗಟ್ಟಿ ಹೊದಿಕೆ, ಸಿಗಡಿ ಏಡಿ ಚಿಪ್ಪಲ್ಲಿ ಇರೋದೂ ಇದೇ. ಇದು ನಾರಿನ ಥರ ವರ್ತಿಸತ್ತೆ. ಹಂದಿ ಜಠರದಲ್ಲಿ ಕೈಟಿನ್ ಒಡೆಯೋ ಕಿಣ್ವ ಇದೆ, ಹಾಗಾಗಿ ಸ್ವಲ್ಪ ಭಾಗ ಜೀರ್ಣ ಆಗತ್ತೆ, ಉಳಿದಿದ್ದು ಹಿಂದಿನ ಕರುಳಿಗೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರ ಆಗತ್ತೆ. ಸ್ವಲ್ಪ ಇದ್ರೆ ಒಳ್ಳೇದು, ಜಾಸ್ತಿ ಆದ್ರೆ ಪ್ರೋಟೀನ್ ಜೀರ್ಣಕ್ಕೆ ಅಡ್ಡ.

ಮೂರನೇದು ಆಂಟಿಮೈಕ್ರೋಬಿಯಲ್ ಪೆಪ್ಟೈಡ್, ಅಂದ್ರೆ ಹುಳ ತನ್ನನ್ನ ಕ್ರಿಮಿಗಳಿಂದ ಕಾಪಾಡ್ಕೊಳ್ಳೋಕೆ ಮಾಡ್ಕೊಳ್ಳೋ ಸಣ್ಣ ಪ್ರೋಟೀನ್ ತುಣುಕುಗಳು. ಇವು ಹುಳದಲ್ಲಿ ಇರೋದು ನಿಜ, ಆದ್ರೆ ಕುದಿಸಿ ಒಣಗಿಸಿ ಪುಡಿ ಮಾಡಿ ಜಠರ ದಾಟಿದ ಮೇಲೆ ಎಷ್ಟು ಕೆಲಸ ಮಾಡತ್ತೆ ಅನ್ನೋದನ್ನ ನಂಬ್ಕೊಂಡು ಫೀಡ್ ಪ್ಲಾನ್ ಮಾಡ್ಬೇಡಿ.

ಇದಲ್ದೆ ಸರಳವಾದ ಲಾಭ ಒಂದಿದೆ, ನನಗೆ ಎಲ್ಲಕ್ಕಿಂತ ನಂಬಿಕೆ ಇರೋದು ಇದ್ರ ಮೇಲೇನೇ. ಸೋಯಾ ಹಿಂಡಿಯಲ್ಲಿ ಮರಿ ಕರುಳಿಗೆ ಅಲರ್ಜಿ ಮಾಡೋ ಗ್ಲೈಸಿನಿನ್ ಥರದ ಪ್ರೋಟೀನ್ ಇದೆ, ಗ್ಯಾಸ್ ಮಾಡೋ ರ್ಯಾಫಿನೋಸ್, ಸ್ಟ್ಯಾಕಿಯೋಸ್ ಸಕ್ಕರೆಗಳಿವೆ. ಹುಳದಲ್ಲಿ ಅವು ಇಲ್ಲ. ಸೋಯಾದ ಒಂದು ಪಾಲು ತೆಗೆದು ಆ ಜಾಗಕ್ಕೆ ಹುಳ ಬಂದ್ರೆ ಅಷ್ಟು ಮಟ್ಟಿಗೆ ಕರುಳಿಗೆ ಹೊರೆ ಕಡಿಮೆ. ಹಂದಿ ಹೇಗಿದ್ರೂ ಮಣ್ಣು ಕೆದಕಿ ಹುಳ ತಿನ್ನೋ ಪ್ರಾಣಿ, ರುಚಿ ಅದಕ್ಕೆ ಹೊಸದಲ್ಲ.

ಶುರು ಮಾಡೋಕೆ ಮುಂಚೆ ಏನೇನು ಬೇಕು

ಗ್ರಾಂ ಲೆಕ್ಕದಲ್ಲಿ ತೂಗೋ ತಕ್ಕಡಿ, ಮರಿ ತೂಗೋಕೆ ಇನ್ನೊಂದು ತಕ್ಕಡಿ, ಫೀಡ್ ಮಿಕ್ಸರ್, ಗಾಳಿ ಆಡದ ಡ್ರಮ್ಮು, ಈಗ ಹಾಕ್ತಿರೋ ಫೀಡಿನ ಪೂರ್ತಿ ಫಾರ್ಮುಲಾ, ಒಂದು ನೋಟ್‌ಬುಕ್, ಮತ್ತೆ ಫೀಡ್ ಟೆಸ್ಟ್ ಮಾಡೋ ಲ್ಯಾಬಿನ ಸಂಪರ್ಕ. ಫಾರ್ಮುಲಾ ಗೊತ್ತಿಲ್ದೆ ರೆಡಿ ಫೀಡ್ ಮೂಟೆ ತಂದು ಹಾಕ್ತಿದ್ರೆ ಅದರ ಮೇಲೆ ಹುಳದ ಪುಡಿ ಉದುರಿಸ್ಬೇಡಿ. ಆ ಫೀಡ್ ಈಗಾಗ್ಲೇ ಲೆಕ್ಕ ಹಾಕಿ ಮಾಡಿರೋದು, ಮೇಲಿಂದ ಸುರಿದ್ರೆ ಪ್ರೋಟೀನೂ ಕ್ಯಾಲ್ಸಿಯಮ್ಮೂ ಎರಡೂ ಮಿತಿ ಮೀರತ್ತೆ. ಬಹಳ ಜನ ಮಾಡೋ ಮೊದಲ ತಪ್ಪೇ ಇದು.

ಹಂತ 1: ಕಾನೂನು ನೋಡ್ಕೊಳ್ಳಿ

ಪ್ರತಿ ದೇಶದಲ್ಲೂ ನಿಯಮ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ಹುಳದ ಪ್ರೋಟೀನನ್ನ ಮೊದಲು 2017ರಲ್ಲಿ ಮೀನಿನ ಫೀಡಿಗೆ ಬಿಟ್ರು, ಹಂದಿ ಕೋಳಿ ಫೀಡಿಗೆ ಬಿಟ್ಟಿದ್ದು 2021ರಲ್ಲಿ, ಅದೂ ಪಟ್ಟಿಯಲ್ಲಿರೋ ಜಾತಿಗಳಿಗೆ ಮಾತ್ರ. ಅಲ್ಲಿ ಅಡುಗೆಮನೆ ತ್ಯಾಜ್ಯ, ಮಾಂಸದ ಚೂರು, ಗೊಬ್ಬರದ ಮೇಲೆ ಬೆಳೆಸಿದ ಹುಳ ಫೀಡಿಗೆ ನಿಷಿದ್ಧ. ನಿಮ್ಮ ಪಶುಸಂಗೋಪನೆ ಇಲಾಖೆ ಹತ್ರ ಕೇಳಿ, ಸಾಧ್ಯವಾದ್ರೆ ಬರವಣಿಗೆಯಲ್ಲಿ ತಗೊಳ್ಳಿ.

ಹಂತ 2: ಯಾವ ಹುಳ, ಯಾವ ರೂಪ

ಮಾರ್ಕೆಟ್ಟಲ್ಲಿ ಹೆಚ್ಚಾಗಿ ಸಿಗೋದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳದ ಪುಡಿ, ಚಿಕ್ಕದಾಗಿ ಬಿಎಸ್ಎಫ್ ಅಂತಾರೆ. ಮನೆನೊಣ ಅಲ್ಲ ಇದು, ದೊಡ್ಡ ನೊಣ ಆದ ಮೇಲೆ ಊಟದ ಮೇಲೆ ಕೂರೋ ಅಭ್ಯಾಸ ಇದಕ್ಕಿಲ್ಲ. ಇನ್ನೊಂದು ಮೀಲ್‌ವರ್ಮ್, ಹಳದಿ ಬಣ್ಣದ ಹುಳ, ಹಿಟ್ಟು ತೌಡಲ್ಲಿ ಬೆಳೆಯೋದು. ಪ್ರೋಟೀನ್ ಚೆನ್ನಾಗಿದೆ, ಆದ್ರೆ ಲಾರಿಕ್ ಆಸಿಡ್ ಇಲ್ಲ ಅಂತಾನೇ ಹೇಳ್ಬಹುದು. ರೇಷ್ಮೆ ಹುಳದ ಪ್ಯೂಪಾ ಪುಡಿನೂ ಪ್ರೋಟೀನಲ್ಲಿ ಹಿಂದೆ ಬೀಳಲ್ಲ, ಆದ್ರೆ ಅದರ ಎಣ್ಣೆ ಬಹಳ ಬೇಗ ಕಮಟು ಹಿಡಿಯತ್ತೆ, ವಾಸನೆ ಬಂದ ಪುಡಿನ ಎಳೆ ಮರಿ ಮುಟ್ಟಲ್ಲ. ಕರುಳಿನ ವಿಷಯಕ್ಕಾದ್ರೆ ನನ್ನ ಆಯ್ಕೆ ಬಿಎಸ್ಎಫ್.

ಈಗ ರೂಪ. ಇಲ್ಲೇ ಗೊಂದಲ ಜಾಸ್ತಿ.

ಕೊಬ್ಬು ಸಮೇತ ಇರೋ ಪುಡಿ: ಪ್ರೋಟೀನ್ ಸುಮಾರು ಶೇ. 40ರಿಂದ 45, ಕೊಬ್ಬು ಶೇ. 25ರಿಂದ 35ರ ಆಸುಪಾಸು.
ಕೊಬ್ಬು ತೆಗೆದ ಪುಡಿ: ಪ್ರೋಟೀನ್ ಶೇ. 50ರಿಂದ 60, ಕೊಬ್ಬು ಸಾಮಾನ್ಯವಾಗಿ ಶೇ. 10ರ ಹತ್ರ ಅಥವಾ ಕಡಿಮೆ.

ಪ್ರೋಟೀನ್ ಜಾಸ್ತಿ ಇರೋದೇ ಒಳ್ಳೇದು ಅಂತ ಎಲ್ರೂ ಎರಡನೇದನ್ನ ತಗೋತಾರೆ, ಆಮೇಲೆ "ಲಾರಿಕ್ ಆಸಿಡ್ ಲಾಭ ಯಾಕೆ ಕಾಣ್ತಿಲ್ಲ" ಅಂತ ಕೇಳ್ತಾರೆ. ಲೆಕ್ಕ ಹಾಕಿ ನೋಡಿ. 100 ಕೆಜಿ ಫೀಡಿಗೆ 5 ಕೆಜಿ ಕೊಬ್ಬಿರೋ ಪುಡಿ, ಅದರಲ್ಲಿ ಕೊಬ್ಬು ಶೇ. 30, ಅಂದ್ರೆ ಒಂದೂವರೆ ಕೆಜಿ. ಅದರಲ್ಲಿ ಲಾರಿಕ್ ಶೇ. 40 ಅಂದ್ಕೊಂಡ್ರೆ 600 ಗ್ರಾಂ. ಅದೇ 5 ಕೆಜಿ ಕೊಬ್ಬು ತೆಗೆದ ಪುಡಿ, ಕೊಬ್ಬು ಶೇ. 8, ಒಟ್ಟು 400 ಗ್ರಾಂ, ಲಾರಿಕ್ ಬರೀ 160 ಗ್ರಾಂ. ಸುಮಾರು ನಾಲ್ಕನೇ ಒಂದು ಭಾಗ ಆಯ್ತು. ಹಾಗಾಗಿ ಕರುಳಿಗೋಸ್ಕರ ಅಂತ ಹಾಕೋದಾದ್ರೆ ಕೊಬ್ಬಿರೋದನ್ನೇ ತಗೊಳ್ಳಿ, ಇಲ್ಲಾಂದ್ರೆ ಕೊಬ್ಬು ತೆಗೆದ ಪುಡಿ ಜೊತೆ ಹುಳದ ಎಣ್ಣೆ ಬೇರೆಯಾಗಿ ಸೇರಿಸಿ. ಬರೀ ಸೋಯಾ ಕಡಿಮೆ ಮಾಡೋ ಉದ್ದೇಶ ಇದ್ರೆ ಯಾವುದಾದ್ರೂ ಸರಿ.

ಜೀವಂತ ಹುಳ ಹಾಕ್ಬಹುದಾ ಅಂತಾನೂ ಕೇಳ್ತಾರೆ. ಮರಿಗಳಿಗೆ ಕೆದಕೋಕೆ, ಆಡೋಕೆ ಏನೋ ಒಂದು ಸಿಕ್ಕ ಹಾಗಾಗತ್ತೆ, ಹೊಸದನ್ನ ತಿನ್ನೋ ಹೆದರಿಕೆನೂ ಕಡಿಮೆ ಆಗತ್ತೆ, ಇದು ಪ್ರಯೋಗಗಳಲ್ಲಿ ಕಂಡಿರೋ ವಿಷಯ. ಆದ್ರೆ ಜೀವಂತ ಹುಳದ ಹೊಟ್ಟೆಯಲ್ಲಿ ಅದು ತಿಂದಿದ್ದೆಲ್ಲ ಹಾಗೇ ಇರತ್ತೆ, ಕ್ರಿಮಿನೂ ಸೇರಿ. ಹುಳ ಬೆಳೆದ ಜಾಗ ನಿಮ್ಮ ಕಣ್ಣೆದುರಿಗೇ ಇದ್ದು, ಶುದ್ಧ ತರಕಾರಿ ಧಾನ್ಯದ ಮೇಲೆ ಬೆಳೆದಿದ್ದು ಅಂತ ಖಾತ್ರಿ ಇದ್ರೆ ಮಾತ್ರ, ಅದೂ ಕಾನೂನು ಒಪ್ಪಿದ್ರೆ.

ಹಂತ 3: ಹುಳ ಏನು ತಿಂದು ಬೆಳೆದಿದೆ, ಹೇಗೆ ಬೇಯಿಸಿದ್ದು

ಹುಳ ಏನು ತಿನ್ನತ್ತೋ ಅದೇ ಮರಿಗೆ ಬರತ್ತೆ. ಬಿಎಸ್ಎಫ್ ಮರಿಹುಳ ಕ್ಯಾಡ್ಮಿಯಂ ಅನ್ನೋ ಭಾರಲೋಹನ ಮೈಯಲ್ಲಿ ಶೇಖರಿಸ್ಕೊಳ್ಳತ್ತೆ, ಕಾರ್ಖಾನೆ ಕೆಸರು, ನಗರದ ಮಿಶ್ರ ಕಸದ ಮೇಲೆ ಬೆಳೆದಿದ್ರೆ ಬೇಡವೇ ಬೇಡ. ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಅಷ್ಟಾಗಿ ಹುಳದ ಮೈಯಲ್ಲಿ ಉಳಿಯಲ್ಲ, ಆದ್ರೆ ಹುಳದ ಜೊತೆ ಅಂಟ್ಕೊಂಡು ಬರೋ ಉಳಿದ ಮೇವಲ್ಲಿ ಇರಬಹುದು, ಅದಕ್ಕೇ ಹುಳನ ಚೆನ್ನಾಗಿ ಜರಡಿ ಹಿಡೀಬೇಕು.

ಇದೆಲ್ಲಕ್ಕಿಂತ ದೊಡ್ಡ ಅಪಾಯ ಆಫ್ರಿಕನ್ ಹಂದಿ ಜ್ವರ. ಈ ವೈರಸ್‌ ಹಂದಿ ಮಾಂಸದ ಚೂರಲ್ಲಿ ಬಹಳ ದಿನ ಬದುಕಿರತ್ತೆ. ಹೋಟೆಲ್ ಎಂಜಲಿನ ಮೇಲೆ ಬೆಳೆಸಿದ ಹುಳನ ಸರಿಯಾಗಿ ಬೇಯಿಸದೆ ಮರಿಗಳಿಗೆ ಹಾಕೋದು ಅಂದ್ರೆ ಇಡೀ ಕೊಟ್ಟಿಗೆ ಪಣಕ್ಕಿಟ್ಟ ಹಾಗೆ. ವೈರಸ್ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷಕ್ಕೆ ಸಾಯತ್ತೆ ಅಂತ ದಾಖಲಾಗಿದೆ, ಆದ್ರೆ ಆ ಬಿಸಿ ರಾಶಿಯ ನಡುಮಧ್ಯದವರೆಗೂ ಮುಟ್ಟಿರಬೇಕು, ಮೇಲ್ಮೈ ಬಿಸಿ ಆದ್ರೆ ಸಾಲದು. ಬೇಯಿಸ್ತೀವಲ್ಲ ಅಂತ ಎಂಜಲಿಗೆ ಕೈ ಹಾಕ್ಬೇಡಿ, ಹಂದಿಗೆ ಹೋಗೋ ಹುಳಕ್ಕೆ ಮಾಂಸದ ಸಂಪರ್ಕವೇ ಇರ್ಬಾರ್ದು.

ನೀವೇ ಹುಳ ಬೆಳೆಸ್ತಿದ್ರೆ ಈ ಕ್ರಮ ಇಟ್ಕೊಳ್ಳಿ:

ಕ. ಹುಳ ಕೆನೆ ಬಣ್ಣದಲ್ಲಿ ಇರೋವಾಗ್ಲೇ ತೆಗೀರಿ. ಕಪ್ಪಾಗಿ ಗಟ್ಟಿಯಾದ ಮೇಲೆ ತೆಗೆದ್ರೆ ಕೈಟಿನ್ ಜಾಸ್ತಿ, ಎಳೆ ಮರಿಗೆ ಜೀರ್ಣ ಕಷ್ಟ.

ಖ. ಒಂದು ದಿನ ಮೇವು ಕೊಡದೆ ಬಿಡಿ, ಹೊಟ್ಟೆ ಖಾಲಿ ಆಗ್ಲಿ. ತೊಳೆದು ಜರಡಿ ಹಿಡಿಯಿರಿ.

ಗ. ಕುದಿಯೋ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಒಟ್ಟಿಗೆ ಸುರಿದ್ರೆ ನೀರಿನ ಬಿಸಿ ಥಟ್ಟನೆ ಇಳಿಯತ್ತೆ, ಹುಳ ಅರ್ಧ ಬೆಂದು ಕಪ್ಪಾಗತ್ತೆ. ನೀರು ಮತ್ತೆ ಕುದಿ ಬಂದ ಮೇಲೆ ಕೆಲವು ನಿಮಿಷ ಬಿಟ್ಟು ತೆಗೀರಿ.

ಘ. ತಕ್ಷಣ ಒಣಗಿಸಿ, ಸುಮಾರು 60ರಿಂದ 70 ಡಿಗ್ರಿಯಲ್ಲಿ, ತೇವ ಶೇ. 10ಕ್ಕಿಂತ ಕೆಳಗೆ ಬರೋವರೆಗೂ. ಕುದಿಸಿದ್ರೂ ಕೆಲವು ಬ್ಯಾಕ್ಟೀರಿಯಾದ ಬೀಜಾಣು, ಅಂದ್ರೆ ಸ್ಪೋರ್, ಸಾಯಲ್ಲ, ಒದ್ದೆಯಾಗಿ ರಾತ್ರಿಯಿಡೀ ಬಿಟ್ರೆ ಅವು ಮೊಳೆತು ಹೆಚ್ಚಾಗತ್ವೆ. ಹಾಗಂತ ಅವಸರಕ್ಕೆ ಬಾಣಲೆಯಲ್ಲಿ ಕಂದು ಬಣ್ಣ ಬರೋ ಹಾಗೆ ಹುರಿಯೋದೂ ತಪ್ಪು, ಹುರಿದಷ್ಟೂ ಲೈಸಿನ್ ಅನ್ನೋ ಅಮೈನೋ ಆಸಿಡ್ ಮರಿಗೆ ಸಿಗದ ಹಾಗಾಗತ್ತೆ. ಲೈಸಿನ್ ಅಂದ್ರೆ ಮರಿ ಮಾಂಸ ಕಟ್ಟೋಕೆ ಮೊದಲು ಬೇಕಾಗೋದು, ಫೀಡಲ್ಲಿ ಮೊದಲು ಕೊರತೆ ಬೀಳೋದೂ ಅದೇ.

ಪುಡಿ ಕೊಳ್ಳೋರಾದ್ರೆ ಇವೇ ಪ್ರಶ್ನೆಗಳನ್ನ ಮಾರೋರಿಗೆ ಕೇಳಿ. ಹುಳಕ್ಕೆ ಏನು ತಿನ್ನಿಸಿದ್ದು ಅಂತ ಹೇಳೋಕೆ ಹಿಂದೆ ಮುಂದೆ ನೋಡೋರ ಹತ್ರ ಕೊಳ್ಬೇಡಿ.

ಹಂತ 4: ಲ್ಯಾಬ್ ಟೆಸ್ಟ್

ಪ್ರತಿ ಹೊಸ ಬ್ಯಾಚಿಗೂ ತೇವ, ಪ್ರೋಟೀನ್, ಕೊಬ್ಬು, ಕ್ಯಾಲ್ಸಿಯಂ, ರಂಜಕ, ಸಾಲ್ಮೊನೆಲ್ಲಾ ಅನ್ನೋ ರೋಗ ತರೋ ಬ್ಯಾಕ್ಟೀರಿಯಾ, ಇಷ್ಟು ನೋಡಿಸಿ. ಹೊಸ ಕಡೆಯಿಂದ ತರ್ತಿದ್ರೆ ಒಂದು ಸಲ ಭಾರಲೋಹನೂ ನೋಡಿಸಿ.

ಪ್ರೋಟೀನ್ ರಿಪೋರ್ಟ್ ಓದೋವಾಗ ಒಂದು ಬಲೆ ಇದೆ. ಲ್ಯಾಬಲ್ಲಿ ನೇರವಾಗಿ ಪ್ರೋಟೀನ್ ಅಳೆಯಲ್ಲ, ಸಾರಜನಕ ಅಳೆದು 6.25ರಿಂದ ಗುಣಿಸ್ತಾರೆ. ಹುಳದ ಕೈಟಿನ್‌ನಲ್ಲೂ ಸಾರಜನಕ ಇದೆ, ಅದು ಪ್ರೋಟೀನ್ ಅಲ್ಲದಿದ್ರೂ ಲೆಕ್ಕಕ್ಕೆ ಸೇರ್ಕೊಂಡ್ಬಿಡತ್ತೆ. ಅದಕ್ಕೆ ಇಡೀ ಹುಳಕ್ಕೆ 4.76ರಿಂದ ಗುಣಿಸೋದು ಸರಿ ಅಂತ ಸಂಶೋಧಕರು ಲೆಕ್ಕ ಹಾಕಿ ತೋರಿಸಿದಾರೆ. ಸುಲಭ ದಾರಿ ಅಂದ್ರೆ ರಿಪೋರ್ಟಲ್ಲಿರೋ ಪ್ರೋಟೀನನ್ನ 0.76ರಿಂದ ಗುಣಿಸಿ. ಶೇ. 42 ಅಂತ ಇದ್ರೆ ನಿಜವಾದ್ದು ಸುಮಾರು ಶೇ. 32. ಇದನ್ನ ಬಿಟ್ಟು ಲೆಕ್ಕ ಹಾಕಿದೋರ ಮರಿಗಳು ಸರಿಯಾಗಿ ತೂಕ ಬರಲ್ಲ, ಆಮೇಲೆ ಬೈಸ್ಕೊಳ್ಳೋದು ಹುಳ.

ಹಂತ 5: ಎಷ್ಟು ಹಾಕ್ಬೇಕು, ಏನು ತೆಗೀಬೇಕು

ಹಾಲು ಬಿಡಿಸಿದ ಮರಿಗಳ ಮೇಲೆ ನಡೆದಿರೋ ಪ್ರಯೋಗಗಳಲ್ಲಿ ಹೆಚ್ಚಿನವು ಶೇ. 5ರಿಂದ 10ರ ಒಳಗೆ ಹಾಕಿ ನೋಡಿವೆ, ಫೀಡ್ ಲೆಕ್ಕ ಸರಿ ಇದ್ದಾಗ ಬೆಳವಣಿಗೆಗೆ ಸಾಮಾನ್ಯವಾಗಿ ತೊಂದ್ರೆ ಕಂಡಿಲ್ಲ. ಕರುಳಿನ ವಿಷಯದಲ್ಲಿ ಫಲಿತಾಂಶ ಒಂದೇ ಥರ ಇಲ್ಲ, ಕೆಲವು ಕಡೆ ಒಳ್ಳೆ ಬದಲಾವಣೆ, ಕೆಲವು ಕಡೆ ಏನೂ ವ್ಯತ್ಯಾಸ ಇಲ್ಲ. ಮೊದಲ ಸಲ ಮಾಡೋರು ಶೇ. 5ಕ್ಕೆ ನಿಲ್ಲಿ.

100 ಕೆಜಿ ಫೀಡಿನ ಲೆಕ್ಕ ಹೀಗೆ. 5 ಕೆಜಿ ಕೊಬ್ಬಿರೋ ಬಿಎಸ್ಎಫ್ ಪುಡಿ, ನಿಜವಾದ ಪ್ರೋಟೀನ್ ಶೇ. 32, ಅಂದ್ರೆ 1.6 ಕೆಜಿ. ಸೋಯಾ ಹಿಂಡಿಯಲ್ಲಿ ಶೇ. 46 ಇದ್ರೆ ಅಷ್ಟೇ ಪ್ರೋಟೀನಿಗೆ ಸುಮಾರು 3.5 ಕೆಜಿ ಸೋಯಾ ತೆಗೀಬೇಕು. ಹುಳದ ಜೊತೆ ಒಂದೂವರೆ ಕೆಜಿ ಕೊಬ್ಬು ಬಂತು, ಹಾಗಾಗಿ ಫೀಡಿಗೆ ಹಾಕ್ತಿದ್ದ ಎಣ್ಣೆಯಲ್ಲಿ 1.5 ಕೆಜಿ ತೆಗೀರಿ. ಎರಡೂ ಸೇರಿ 5 ಕೆಜಿ, ಜಾಗ ಸಮ ಆಯ್ತು. ಎಣ್ಣೆ ಹಾಕ್ತಾನೇ ಇರಲಿಲ್ಲ ಅಂದ್ರೆ ಮೆಕ್ಕೆಜೋಳದಲ್ಲಿ ಆ ಒಂದೂವರೆ ಕೆಜಿ ಕಮ್ಮಿ ಮಾಡಿ.

ಲೈಸಿನ್ ವಿಷಯದಲ್ಲಿ ಹುಳ ಸೋಯಾಗೆ ಸರಿಸಮ. ಮೆಥಿಯೋನಿನ್, ಸಿಸ್ಟೀನ್ ಅನ್ನೋ ಇನ್ನೆರಡು ಅಮೈನೋ ಆಸಿಡ್ ಸಾಮಾನ್ಯವಾಗಿ ಕೊರತೆ ಬೀಳತ್ತೆ, ಸಿಂಥೆಟಿಕ್ ಮೆಥಿಯೋನಿನ್ ಎಷ್ಟು ಬೇಕು ಅಂತ ಫೀಡ್ ಲೆಕ್ಕ ಮಾಡೋರ ಹತ್ರ ಹಾಕಿಸಿ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2012ರ ಪಟ್ಟಿ ಪ್ರಕಾರ ಜೀರ್ಣ ಆಗೋ ಲೈಸಿನ್ 5ರಿಂದ 7 ಕೆಜಿ ಮರಿಗೆ ಶೇ. 1.50, 7ರಿಂದ 11 ಕೆಜಿಗೆ ಶೇ. 1.35, 11ರಿಂದ 25 ಕೆಜಿಗೆ ಶೇ. 1.23. ಈ ಗುರಿನ ಬರೀ ಹಿಂಡಿ ಹುಳ ತುಂಬಿ ಮುಟ್ಟೋಕೆ ಹೋಗ್ಬೇಡಿ. ಒಟ್ಟು ಪ್ರೋಟೀನ್ ಶೇ. 18ರ ಹತ್ರ ಇಟ್ಕೊಂಡು ಉಳಿದಿದ್ದನ್ನ ಸಿಂಥೆಟಿಕ್ ಅಮೈನೋ ಆಸಿಡ್‌ಗಳಿಂದ ತುಂಬಿಸಿ. ಜೀರ್ಣ ಆಗದ ಪ್ರೋಟೀನ್ ಕಮ್ಮಿ ಆದಷ್ಟೂ ಭೇದಿ ಕಮ್ಮಿ, ನನ್ನ ಅಭಿಪ್ರಾಯದಲ್ಲಿ ಹುಳ ಹಾಕೋದಕ್ಕಿಂತ ಇದೇ ಮುಖ್ಯ.

ಈಗ ಕ್ಯಾಲ್ಸಿಯಂ. ದಯವಿಟ್ಟು ಈ ಭಾಗನ ಬಿಟ್ಟು ಮುಂದೆ ಹೋಗ್ಬೇಡಿ. ಬಿಎಸ್ಎಫ್ ಹುಳ ತನ್ನ ಚರ್ಮದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡಿಡತ್ತೆ, ಅಂದ್ರೆ ಸುಣ್ಣ. ಏನು ತಿಂದು ಬೆಳೆದಿದೆ ಅನ್ನೋದರ ಮೇಲೆ ಪುಡಿಯಲ್ಲಿ ಕ್ಯಾಲ್ಸಿಯಂ ಶೇ. 1ಕ್ಕಿಂತ ಕಮ್ಮಿನೂ ಇರಬಹುದು, ಶೇ. 5 ದಾಟಿನೂ ಇರಬಹುದು. ಸುಣ್ಣ ಆಸಿಡ್‌ನ ಹೀರಿ ಸಪ್ಪೆ ಮಾಡತ್ತೆ. ಮೊದಲೇ ಆಸಿಡ್ ಸಾಲದ ಮರಿ ಹೊಟ್ಟೆಗೆ ಹೊರಗಿಂದ ಸುಣ್ಣ ಸುರಿದ್ರೆ ಕ್ರಿಮಿಗೆ ಬಾಗಿಲು ತೆಗೆದ ಹಾಗೆ. ಹುಳ ಹಾಕಿದ ಮೇಲೆ ಭೇದಿ ಜಾಸ್ತಿ ಆಯ್ತು ಅನ್ನೋರು ಮೊದಲು ನೋಡ್ಬೇಕಾದ್ದು ಇದನ್ನೇ.

ಲೆಕ್ಕ: ಪುಡಿಯಲ್ಲಿ ಕ್ಯಾಲ್ಸಿಯಂ ಶೇ. 3 ಇದ್ರೆ 5 ಕೆಜಿಗೆ 150 ಗ್ರಾಂ. ಸುಣ್ಣಕಲ್ಲಿನ ಪುಡಿಯಲ್ಲಿ ಕ್ಯಾಲ್ಸಿಯಂ ಸುಮಾರು ಶೇ. 38. 150ನ್ನ 0.38ರಿಂದ ಭಾಗಿಸಿದ್ರೆ ಸುಮಾರು 395. ಹಾಗಾಗಿ 100 ಕೆಜಿ ಫೀಡಲ್ಲಿ ಸುಣ್ಣಕಲ್ಲಿನ ಪುಡಿ ಹತ್ತಿರ ಹತ್ತಿರ 400 ಗ್ರಾಂ ಕಮ್ಮಿ ಮಾಡಿ, ಆ ಜಾಗಕ್ಕೆ ಮೆಕ್ಕೆಜೋಳ. 7ರಿಂದ 11 ಕೆಜಿ ಮರಿ ಫೀಡಲ್ಲಿ ಒಟ್ಟು ಕ್ಯಾಲ್ಸಿಯಂ ಮೇಲೆ ಹೇಳಿದ ಅಮೆರಿಕದ ಪಟ್ಟಿ ಪ್ರಕಾರ ಶೇ. 0.80 ಸಾಕು, ಅಂದ್ರೆ 100 ಕೆಜಿಗೆ 800 ಗ್ರಾಂ, ಅದರಲ್ಲಿ ಸುಮಾರು ಐದನೇ ಒಂದು ಭಾಗ ಹುಳವೇ ತಂದ್ಬಿಡತ್ತೆ. ರಂಜಕ ಹುಳದಲ್ಲಿರೋದು ಧಾನ್ಯದಲ್ಲಿರೋ ಹಾಗೆ ಫೈಟೇಟ್ ರೂಪದಲ್ಲಿ ಕಟ್ಟಿ ಹಾಕಿರೋದಲ್ಲ, ಮರಿಗೆ ಸುಲಭವಾಗಿ ಸಿಗತ್ತೆ.

ಇನ್ನೊಂದು ತಪ್ಪು: ದುಡ್ಡು ಉಳಿಸೋಕೆ ಹಾಲಿನ ಪುಡಿ ಅಥವಾ ವ್ಹೇ ಪುಡಿ ತೆಗೆದು ಆ ಜಾಗಕ್ಕೆ ಹುಳ ಹಾಕೋದು. ವ್ಹೇ ಅಂದ್ರೆ ಚೀಸ್ ಮಾಡಿದ ಮೇಲೆ ಉಳಿಯೋ ನೀರನ್ನ ಒಣಗಿಸಿದ್ದು, ಲ್ಯಾಕ್ಟೋಸ್ ಬರೋದೇ ಅದರಿಂದ. ಹುಳದಲ್ಲಿ ಲ್ಯಾಕ್ಟೋಸ್ ಇಲ್ಲ. ಮೊದಲ ಎರಡು ವಾರ ಹಾಲಿನ ಪುಡಿ, ವ್ಹೇ ಪುಡಿನ ಕಮ್ಮಿ ಮಾಡ್ಬೇಡಿ. ತೆಗೆಯೋದಾದ್ರೆ ಸೋಯಾ ತೆಗೀರಿ, ಇಲ್ಲ ಮೀನಿನ ಪುಡಿಯಲ್ಲಿ ಸ್ವಲ್ಪ.

ಹಂತ 6: ಬೆರೆಸೋದು, ಇಡೋದು

ಹುಳನ ನುಣ್ಣಗೆ ಪುಡಿ ಮಾಡಿ. ಕೊಬ್ಬಿರೋದು ಮಿಲ್ಲಲ್ಲಿ ಅಂಟ್ಕೊಳ್ಳತ್ತೆ, ಸ್ವಲ್ಪ ಮೆಕ್ಕೆಜೋಳ ಸೇರಿಸಿ ಜೊತೆಗೇ ಬೀಸಿದ್ರೆ ಸರಿ ಹೋಗತ್ತೆ. ಮೊದಲು 5 ಕೆಜಿ ಹುಳನ 10 ಕೆಜಿ ಮೆಕ್ಕೆಜೋಳದ ಹಿಟ್ಟಿನ ಜೊತೆ ಬೆರೆಸಿ, ಆಮೇಲೆ ಆ 15 ಕೆಜಿನ ಉಳಿದಿದ್ದಕ್ಕೆ ಸೇರಿಸಿ, ಇಲ್ದಿದ್ರೆ ಒಂದು ತೊಟ್ಟಿಗೆ ಗಂಟು ಗಂಟು ಹೋಗತ್ತೆ, ಇನ್ನೊಂದಕ್ಕೆ ಏನೂ ಇರಲ್ಲ.

ಪುಡಿ ಮಾಡೋವಾಗ ಮಾಸ್ಕ್ ಹಾಕ್ಕೊಳ್ಳಿ. ಸಿಗಡಿ, ಏಡಿ ತಿಂದ್ರೆ ಅಲರ್ಜಿ ಆಗೋರಿಗೆ, ಧೂಳಿನ ನುಸಿ ಅಲರ್ಜಿ ಇರೋರಿಗೆ ಹುಳದ ಧೂಳೂ ಆಗದೇ ಇರಬಹುದು, ಯಾಕಂದ್ರೆ ಟ್ರೋಪೋಮಯೋಸಿನ್ ಅನ್ನೋ ಪ್ರೋಟೀನ್ ಇವೆಲ್ಲದರಲ್ಲೂ ಒಂದೇ ಥರ ಇರತ್ತೆ. ಅಂಥೋರನ್ನ ಈ ಕೆಲಸಕ್ಕೆ ಹಾಕ್ಬೇಡಿ.

ಎಷ್ಟು ಬೇಕೋ ಅಷ್ಟೇ ತನ್ನಿ. 20 ಮರಿ, ಮೊದಲ ಎರಡು ವಾರ ದಿನಕ್ಕೆ ಸರಾಸರಿ 250 ಗ್ರಾಂ ತಿಂದ್ರೆ ಒಟ್ಟು 70 ಕೆಜಿ ಫೀಡ್, ಶೇ. 5 ಅಂದ್ರೆ ಮೂರೂವರೆ ಕೆಜಿ ಹುಳದ ಪುಡಿ. ಇಷ್ಟಕ್ಕೆ 50 ಕೆಜಿ ತಂದಿಟ್ಟು ಮೂರು ತಿಂಗಳು ಇಟ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ. ತಂಪಾಗಿ, ಕತ್ತಲಲ್ಲಿ, ಮುಚ್ಚಿದ ಡ್ರಮ್ಮಲ್ಲಿ ಇಡಿ. ಕಮಟು ವಾಸನೆ ಬಂದ್ರೆ, ಗಂಟು ಕಟ್ಟಿದ್ರೆ ಎಸೀರಿ, ದೊಡ್ಡ ಹಂದಿಗೆ ಹಾಕಿ ಮುಗಿಸೋಣ ಅಂತಾನೂ ಯೋಚಿಸ್ಬೇಡಿ.

ಹಂತ 7: ಮರಿಗೆ ಅಭ್ಯಾಸ ಮಾಡ್ಸೋದು

ಹಾಲು ಬಿಡಿಸಿದ ದಿನವೇ ಹೊಸ ರುಚಿ ಇಡ್ಬೇಡಿ. ಮರಿ 10 ದಿನದ್ದಾದಾಗಿಂದ, ತಾಯಿ ಜೊತೆ ಇರೋವಾಗ್ಲೇ ಕ್ರೀಪ್ ಫೀಡ್ ಅಂದ್ರೆ ತಾಯಿಗೆ ಎಟುಕದ ಜಾಗದಲ್ಲಿ ಮರಿಗೆ ಮಾತ್ರ ಇಡೋ ಎಳೆ ಮೇವು ಶುರು ಮಾಡಿ, ಅದರಲ್ಲಿ ಹುಳ ಶೇ. 2ರಿಂದ 3 ಇರ್ಲಿ. ದಿನಕ್ಕೆ ಮೂರು ನಾಲ್ಕು ಸಲ ಹಿಡಿಯಷ್ಟೇ ಇಡಿ, ಉಳಿದಿದ್ದು ತೆಗೆದು ತೊಟ್ಟಿ ಒರೆಸಿ.

ಹಾಲು ಬಿಡಿಸೋಕೆ ನಾಲ್ಕೈದು ದಿನ ಮುಂಚೆ ಶೇ. 5 ಇರೋ ಫೀಡನ್ನ ಕ್ರೀಪ್ ಫೀಡಿಗೆ ಬೆರೆಸ್ತಾ ಬನ್ನಿ, ಬಿಡಿಸೋ ದಿನಕ್ಕೆ ಪೂರ್ತಿ ಅದೇ ಆಗಿರ್ಲಿ. ಮೊದಲ ಎರಡು ದಿನ ಉಗುರು ಬೆಚ್ಚಗಿನ ನೀರಲ್ಲಿ ಗಂಜಿ ಥರ ಕಲಸಿ ತಟ್ಟೆಯಲ್ಲಿ ಇಟ್ರೆ ಅಂಜೋ ಮರಿಗಳೂ ಬಾಯಿ ಹಾಕ್ತವೆ. ಕಲಸಿದ್ದು ಒಂದೆರಡು ಗಂಟೆಗಿಂತ ಹೆಚ್ಚು ಹೊತ್ತು ಇಡ್ಬೇಡಿ, ಹುಳಿಯತ್ತೆ. ಎಲ್ಲಾ ಮರಿಗಳೂ ಒಟ್ಟಿಗೆ ತಿನ್ನೋಷ್ಟು ಜಾಗ ಇರ್ಲಿ, ನೀರು ಸದಾ ಹರೀತಿರ್ಲಿ, ಮಲಗೋ ಜಾಗ 28 ಡಿಗ್ರಿ ಆಸುಪಾಸು, ಗಾಳಿ ನೇರ ಹೊಡೆಯೋ ಹಾಗಿರ್ಬಾರ್ದು. ಚಳಿಗೆ ಒಂದರ ಮೇಲೊಂದು ಬಿದ್ಕೊಂಡಿರೋ ಮರಿಗೆ ಯಾವ ಫೀಡ್ ಹಾಕಿದ್ರೂ ಕರುಳು ಸುಧಾರಿಸಲ್ಲ.

ಈಗ ಜಿಂಕ್ ಆಕ್ಸೈಡೋ ಔಷಧಿ ಫೀಡೋ ಬಳಸ್ತಿದ್ರೆ ಅದನ್ನ ನಿಲ್ಲಿಸಿ ಅದೇ ದಿನ ಹುಳ ಶುರು ಮಾಡೋ ಸಾಹಸ ಬೇಡ. ಪಶುವೈದ್ಯರ ಜೊತೆ ಮಾತಾಡಿ ಒಂದೊಂದಾಗಿ ಬದಲಾಯಿಸಿ, ಇಲ್ದಿದ್ರೆ ಏನಾದ್ರೂ ಆದಾಗ ಯಾವುದರಿಂದ ಆಯ್ತು ಅಂತ ಯಾವತ್ತೂ ಗೊತ್ತಾಗಲ್ಲ.

ಹಂತ 8: ಕಣ್ಣಿಟ್ಟು ನೋಡೋದು, ಬರೆದಿಡೋದು

ಒಂದೇ ತಾಯಿ ಮರಿಗಳನ್ನ ತೂಕ ನೋಡಿ ಎರಡು ಗುಂಪು ಮಾಡಿ, ಒಂದಕ್ಕೆ ಹುಳದ ಫೀಡ್, ಒಂದಕ್ಕೆ ಹಳೇದು. ಎಲ್ಲಾ ಮರಿಗೂ ಹೊಸದೇ ಹಾಕಿ ಹೋದ ಸಲಕ್ಕೆ ಹೋಲಿಸಿದ್ರೆ ಹವಾಮಾನ, ತಾಯಿ, ಋತು ಎಲ್ಲಾ ಬದಲಾಗಿರತ್ತೆ, ಆ ಹೋಲಿಕೆಗೆ ಅರ್ಥ ಇಲ್ಲ.

ದಿನಾ ಬೆಳಿಗ್ಗೆ ಸಗಣಿಗೆ ಅಂಕ ಕೊಡಿ: ಗಟ್ಟಿ ಇದ್ರೆ 0, ಮೆತ್ತಗೆ ಇದ್ರೆ 1, ತೆಳ್ಳಗೆ ಇದ್ರೆ 2, ನೀರಾಗಿದ್ರೆ 3. ಒಬ್ಬರೇ ದಿನಾ ನೋಡ್ಲಿ, ನೋಡೋರು ಬದಲಾದ್ರೆ ಅಂಕನೂ ಬದಲಾಗತ್ತೆ. ಗುಂಪಿಗೆ ಎಷ್ಟು ಫೀಡ್ ಹೋಯ್ತು ಅಂತ ತೂಗಿ ಬರೀರಿ, ಮರಿ ತೂಕ ಬಿಡಿಸಿದ ದಿನ, 7ನೇ ದಿನ, 14ನೇ ದಿನ. ಎಲ್ಲಕ್ಕಿಂತ ಮುಂಚೆ ಸುಳಿವು ಕೊಡೋದು ತಿನ್ನೋ ಪ್ರಮಾಣ. ಮೂರನೇ ದಿನಕ್ಕೂ ಹುಳದ ಗುಂಪು ಕಮ್ಮಿ ತಿಂತಿದ್ರೆ ಪುಡಿ ಕಮಟಾಗಿದೆಯಾ ಅಂತ ಮೂಸಿ ನೋಡಿ, ಶೇ. 3ಕ್ಕೆ ಇಳಿಸಿ. ತಿನ್ನೋದು ಸರಿ ಇದ್ದು ಅಂಕ 2, 3 ಬರ್ತಿದ್ರೆ ಕ್ಯಾಲ್ಸಿಯಂ ಲೆಕ್ಕ ಇನ್ನೊಂದು ಸಲ ತೆಗೆದು ನೋಡಿ.

ಸಗಣಿಯಲ್ಲಿ ರಕ್ತ, ಕಣ್ಣು ಒಳಗೆ ಹೋಗಿರೋದು, ಚರ್ಮ ಹಿಡಿದೆಳೆದ್ರೆ ವಾಪಸ್ ಬೇಗ ಕೂರದಿರೋದು, ರೆಪ್ಪೆ ಊದಿ ಮರಿ ತೂರಾಡೋದು, ಥಟ್ ಅಂತ ಸಾಯೋದು, ಇವುಗಳಲ್ಲಿ ಒಂದು ಕಂಡ್ರೂ ಫೀಡ್ ಬಗ್ಗೆ ಯೋಚಿಸ್ತಾ ಕೂರ್ಬೇಡಿ, ಆ ಕ್ಷಣ ಪಶುವೈದ್ಯರನ್ನ ಕರೀರಿ. ಅವರು ಬರೋ ತನಕ ಎಲೆಕ್ಟ್ರೋಲೈಟ್ ನೀರು, ಅಂದ್ರೆ ಲವಣ ಬೆರೆಸಿದ ನೀರು ಕೊಡ್ತಿರಿ, ಕಾಯಿಲೆ ಮರಿನ ಬೇರೆ ಇಡಿ, ಕೈ ಕಾಲು ತೊಳೆಯದೆ ಬೇರೆ ಕೊಟ್ಟಿಗೆಗೆ ಹೋಗ್ಬೇಡಿ.

ಕಮ್ಮಿ ಅಂದ್ರೂ ಮೂರು ಬ್ಯಾಚ್ ಹೀಗೆ ಮಾಡಿದ ಮೇಲೆ ಅಂಕ, ತೂಕ ಎರಡೂ ಸರಿ ಬಂದಿದ್ರೆ ಶೇ. 8ರವರೆಗೂ ಏರಿಸಿ ನೋಡ್ಬಹುದು, ಪ್ರತಿ ಸಲನೂ ಸೋಯಾ, ಎಣ್ಣೆ, ಸುಣ್ಣಕಲ್ಲು ಮೂರರ ಲೆಕ್ಕ ಹೊಸದಾಗಿ ಹಾಕಿ. ಮರಿ 20, 25 ಕೆಜಿ ದಾಟಿದ ಮೇಲೆ ಕರುಳು ಗಟ್ಟಿಯಾಗಿರತ್ತೆ, ಸೋಯಾನ ಚೆನ್ನಾಗೇ ಅರಗಿಸ್ಕೊಳ್ಳತ್ತೆ, ಅಲ್ಲಿಂದಾಚೆಗೆ ದುಬಾರಿ ಹುಳದ ಪುಡಿ ಮುಂದುವರಿಸೋ ಅಗತ್ಯ ನನಗೆ ಕಾಣಲ್ಲ. ಮತ್ತೆ ಪ್ರತಿ ಬ್ಯಾಚಿನ ಪುಡಿಯಲ್ಲಿ 200 ಗ್ರಾಂ ತೆಗೆದು ತಾರೀಕು ಬರೆದು ಫ್ರೀಜರ್‌ನಲ್ಲಿ ಇಡಿ, ಆ ಮರಿಗಳು ಮಾರಾಟ ಆಗೋವರೆಗೂ. ನಾಳೆ ಏನಾದ್ರೂ ಎಡವಟ್ಟಾದ್ರೆ ಲ್ಯಾಬಿಗೆ ಕಳಿಸೋಕೆ ಕೈಯಲ್ಲಿ ಏನಾದ್ರೂ ಇರ್ಬೇಕಲ್ಲ.